ಪ್ರವಚನದ ಹೊತ್ತಿನ ನಿದ್ದೆ

ಡೆಟ್ರಾಯ್ಟ್‌ನ ಹೃದ್ರೋಗ ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ಲರ್ಲೀನಳ ಕಿವಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಬಿತ್ತು. ತಂಗಿಯೇ ಮೊದಲು ಕೇಳಿದಳು.

“ಓಜೆಲ್ಲಕ್ಕಾ, ಎದೆಬಡಿತ ಅಳೆಯೋಕೆ ವಾರವಿಡೀ ಎದೆಗೆ ಕಟ್ಟಿದ್ದ ಯಂತ್ರ ಏನು ಹೇಳ್ತಂತೆ?”

“ರಾತ್ರಿಯೆಲ್ಲ ಎದೆ ಜೋರಾಗಿ ಹೊಡ್ಕೊಳ್ತಾನೇ ಇತ್ತಂತೆ. ಭಾನುವಾರ ಚರ್ಚಲ್ಲಿ ಪ್ರವಚನದ ಹೊತ್ತು ಮಾತ್ರ ಶಾಂತವಾಗಿತ್ತಂತೆ.”

“ದೇವರ ಮಹಿಮೆ!”

“ಮಹಿಮೆ ಎಲ್ಲಿ ಬಂತೇ, ಗೊರಕೆ ಹೊಡೀತಿದ್ದೆ! ಅಲ್ಲಿ ಬಾಗಿಲು ಕಾಯೋಕೆ ಬೇರೆಯವರಿದ್ದಾರೆ, ಮನೇಲಿ ರಾತ್ರಿಯೆಲ್ಲ ನಾನೇ ಕಾಯಬೇಕು.”

“ನಿದ್ದೆ ಮಾತ್ರೆ ನುಂಗಿ ಮನೇಲೂ ಮಲಗು.”

“ಬೀದೀಲಿ ಗುಂಡು ಹಾರಿದ್ರೆ ಮೊಮ್ಮಕ್ಕಳನ್ನ ಕಿಟಕಿಯಿಂದ ಈಚೆಗೆ ಎಳೆಯೋರ್ಯಾರು? ಮಾತ್ರೆ ನುಂಗಿದೋಳಿಗೆ ಎಚ್ಚರ ಆಗುತ್ತಾ?”

“ಎದೆ ನಿಂತೋಳಿಗೆ ಆಗುತ್ತಾ?”

ತಂಗಿ ಅಕ್ಕನತ್ತ ಸರಿದು ಕೂತಳು.

“ಇವತ್ತಿಂದ ನಾನು ಬಂದು ಎದ್ದಿರ್ತೀನಿ. ನೀನು ಮಲಗು.”

“ಆಮೇಲೆ ಈ ಯಂತ್ರ ನಿನಗೆ ಕಟ್ತಾರೆ.”

“ಕಟ್ಟಲಿ ಬಿಡು. ಪ್ರವಚನದಲ್ಲಿ ನಾನೂ ನಿನ್ನ ಪಕ್ಕ ಒರಗ್ತೀನಿ.”

ನರ್ಸ್ ಓಜೆಲ್ಲಳ ಹೆಸರು ಕೂಗಿದಳು. ಇಬ್ಬರೂ ಒಬ್ಬರ ತೋಳೊಬ್ಬರು ಹಿಡಿದು ಒಳಗೆ ಹೋದರು.