ಕೆಂಪು ದೀಪದ ಮೇಲೆ ದೇವರ ಪಟ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಯಾವ ಊರು ಅಂತ ಕೇಳಬೇಡಿ, ಹೇಳಿದರೆ ಪ್ರವಚನ ಬಿಟ್ಟು ಮುಂದಿನ ಸಾಲಿನವರೇ ಎದ್ದು ಹೋದಾರು. ಅವನ ಬಳಿ ತಂದೆಯ ಕಾಲದ ಒಂದು ಕಾರಿತ್ತು. ಆ ಮನೆಯ ಹೆಣ್ಣುಮಕ್ಕಳೆಲ್ಲ ಮದುವೆ ಮಂಟಪಕ್ಕೆ ಹೋದದ್ದು ಆ ಕಾರಿನಲ್ಲೇ. ಈಗ ಅವನ ಒಬ್ಬಳೇ ಮಗಳ ಸರದಿ.

ನೋಡಿ, ಬ್ಯಾಟರಿ ಕರೆಂಟನ್ನು ಕೂಡಿಡುತ್ತದೆ, ಅಷ್ಟೇ. ಕಾರು ಓಡುವಾಗ ಅದನ್ನು ಮತ್ತೆ ತುಂಬಿಸುವುದು ಡೈನಮೋ. ಡೈನಮೋ ಕೆಟ್ಟರೆ ಓಡಿಸುವವನ ಕಣ್ಣೆದುರೇ ಒಂದು ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಶ್ರೀಮಂತನ ಕಾರಿನಲ್ಲೂ ಹೊತ್ತಿಕೊಂಡಿತು. ಅವನೇನು ಮಾಡಿದ? ಡೈನಮೋ ಬಿಚ್ಚಿಸಿ ನೋಡಲಿಲ್ಲ. ಬ್ಯಾಟರಿಯನ್ನು ದಿನಾ ಅಂಗಡಿಗೆ ಕಳಿಸಿ ಚಾರ್ಜ್ ಮಾಡಿಸಿ ತರಿಸಿದ. ಕಾರು ಓಡಿತು. ದೀಪ ಮಾತ್ರ ಆರಲಿಲ್ಲ.

ಮಗಳು ಕೇಳಿದಳು: "ಅಪ್ಪಾ, ಆ ದೀಪ ಯಾಕೆ ಉರೀತಾನೇ ಇದೆ? ಒಂದ್ಸಲ ಯಾರಿಗಾದ್ರೂ ತೋರಿಸ್ಬಾರ್ದಾ?"

"ಕಾರು ಓಡ್ತಿದೆ ತಾನೇ? ಶುಭಕಾರ್ಯದ ಹೊತ್ತಲ್ಲಿ ಅಪಶಕುನ ನುಡೀಬೇಡ" ಎಂದು ಗದರಿದ.

ಆಯುಧಪೂಜೆ ಬಂತು. ಕಾರು ತೊಳೆಸಿದ, ಕುಂಬಳಕಾಯಿ ಒಡೆಸಿದ, ಚಕ್ರಕ್ಕೆ ನಿಂಬೆಹಣ್ಣಿಟ್ಟ. ಆಮೇಲೆ ಸರಿಯಾಗಿ ಆ ದೀಪದ ಮೇಲೆಯೇ ಪುಟ್ಟದೊಂದು ಕಾಗದದ ದೇವರ ಪಟ ಅಂಟಿಸಿದ. ಹಿಂದಿನಿಂದ ಕೆಂಪು ಬೆಳಕು ಬಿದ್ದು ದೇವರಿಗೆ ಪ್ರಭಾವಳಿ ಬಂತು! ಭಕ್ತಿಯಿಂದ ಕೈಮುಗಿದ. ನಗಬೇಡಿ, ನಗಬೇಡಿ, ನಿಮ್ಮ ಮನೆಗೂ ಬರುತ್ತೇನೆ.

ಮದುವೆಯ ಬೆಳಿಗ್ಗೆ ದಟ್ಟ ಮಂಜು. ಮಂಟಪ ಪಕ್ಕದ ಊರಲ್ಲಿ, ದಿಬ್ಬಣದ ಬಸ್ಸು ಆಗಲೇ ಮುಂದೆ ಹೋಗಿತ್ತು. ಕಾರಿನಲ್ಲಿ ಅಪ್ಪ, ಮಗಳು, ಅವಳ ಸೋದರಮಾವ ಮೂವರೇ. ಹೆಡ್‌ಲೈಟ್ ಬೇಕೇ ಬೇಕು. ಅದು ಸಾಲದೆಂದು ಕಾರಿನ ಸುತ್ತ ಬಣ್ಣದ ದೀಪದ ಸರ, ಒಳಗೆ ನಾದಸ್ವರದ ಕ್ಯಾಸೆಟ್, ದಾರಿಯುದ್ದಕ್ಕೂ ಹಾರ್ನ್. ಅರ್ಧ ದಾರಿಯಲ್ಲಿ ಹಾರ್ನ್ ಕೆಮ್ಮಿತು, ನಾದಸ್ವರ ನರಳಿತು, ಕಾರು ನಿಂತೇಹೋಯಿತು.

ಶ್ರೀಮಂತ ಪಟಕ್ಕೆ ಕೈಮುಗಿದು, "ಕೈಬಿಟ್ಟೆಯಲ್ಲಪ್ಪಾ ದೇವರೇ" ಅಂದ. ಮಗಳು ಆ ಪಟವನ್ನು ಮೆಲ್ಲಗೆ ಬಿಡಿಸಿ, ಕಣ್ಣಿಗೊತ್ತಿ, ಮಡಿಲಲ್ಲಿಟ್ಟುಕೊಂಡಳು.

"ದೇವ್ರು ಕೈಬಿಡ್ಲಿಲ್ಲಪ್ಪ. ಇಷ್ಟು ದಿನ ಹೇಳ್ತಾನೇ ಇದ್ದ, ನೀವು ಬಾಯಿ ಮುಚ್ಚಿಸಿದ್ರಿ. ನನ್ನ ಬಾಯೂ ಮುಚ್ಚಿಸಿದ್ರಿ. ಈಗ ಆ ಸರ ಕಿತ್ಹಾಕಿ, ಹಾಡು ನಿಲ್ಸಿ. ಮಂಜು ಕರಗ್ಲಿ, ಲೈಟಿಲ್ದೇ ಹೋಗೋಣ."

ಕಾದರು. ಬಿಸಿಲು ಬಂತು. ಹೆಣ್ಣನ್ನು ಮಂಟಪಕ್ಕೆ ಎತ್ತಿಕೊಂಡು ಹೋಗಬೇಕಾದ ಸೋದರಮಾವ ರೇಷ್ಮೆ ಪಂಚೆ ಎತ್ತಿ ಕಟ್ಟಿ ಕಾರು ತಳ್ಳಿದ. ಉಳಿದಿದ್ದ ಚೂರುಪಾರು ಕರೆಂಟಿನಲ್ಲಿ ಇಂಜಿನ್ ಹಿಡಿಯಿತು. ಹಾಡಿಲ್ಲ, ಹಾರ್ನಿಲ್ಲ, ಹೇಗೋ ತಲುಪಿದರು. ಅಷ್ಟರಲ್ಲಿ ಮುಹೂರ್ತ ಮೀರಿತ್ತು. ಪುರೋಹಿತರು ಇನ್ನೊಂದು ಗಳಿಗೆ ಹುಡುಕಿಕೊಟ್ಟರು, ಮದುವೆಯೂ ಆಯಿತು. ಆದರೆ ಧಾರೆ ಎರೆಯುವಾಗ ಆ ತಂದೆಗೆ ಮಗಳ ಮುಖ ನೋಡಲಾಗಲಿಲ್ಲ, ನಾಚಿಕೆಯಿಂದ ಅತ್ತುಬಿಟ್ಟ.

ಈಗ ನಿಮ್ಮ ಮನೆಗೆ ಬಂದೆ. ಹೆಂಡತಿ "ಸ್ವಲ್ಪ ಕೂತು ಮಾತಾಡ್ರೀ" ಅಂದ ಕೂಡಲೇ ಜಪಮಾಲೆ ಹಿಡಿಯುತ್ತೀರಲ್ಲ, ಅದು ಪಟ ಅಂಟಿಸಿದ್ದಲ್ಲದೆ ಇನ್ನೇನು? ಸೊಸೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡರೆ "ಎಲ್ಲಾ ದೇವರಿಚ್ಛೆ" ಅನ್ನುತ್ತೀರಲ್ಲ ತಾಯಂದಿರೇ, ಅದೇನು? ವಾರಕ್ಕೊಮ್ಮೆ ಇಲ್ಲಿ ಪ್ರವಚನಕ್ಕೆ ಬಂದು ಚಾರ್ಜ್ ಮಾಡಿಸಿಕೊಂಡು ಹೋಗುತ್ತೀರಿ. ಗೇಟು ದಾಟುವ ಮೊದಲೇ ಚಪ್ಪಲಿಗಾಗಿ ಜಗಳ! ನಾನು ಬರೀ ಚಾರ್ಜ್ ಮಾಡುವ ಅಂಗಡಿಯವನು. ಕೆಟ್ಟಿರುವ ಡೈನಮೋ ನಿಮ್ಮ ಮನೆಯಲ್ಲಿದೆ, ಅದನ್ನು ನೀವೇ ಬಿಚ್ಚಿ ನೋಡಬೇಕು.

ಇವತ್ತು ಮನೆಗೆ ಹೋದ ಮೇಲೆ ಟಿವಿ ಆರಿಸಿ, ಫೋನು ಕೆಳಗಿಡಿ. ನಿಮಗೆ ಹಿಡಿಸದ ಮಾತನ್ನು ಮನೆಯಲ್ಲಿ ಯಾರು ಪದೇ ಪದೇ ಹೇಳುತ್ತಾರೋ ಅವರೆದುರು ಕೂತು "ಹೇಳು, ಕೇಳ್ತೀನಿ" ಅನ್ನಿ. ಪೂಜೆ ಆಮೇಲೆ ಮಾಡಿ. ದೇವರು ಕಾಯುತ್ತಾನೆ, ಮುಹೂರ್ತ ಕಾಯುವುದಿಲ್ಲ.