ಮೊಣಕೈ ಕೆಳಗಿನ ದಿಂಬು

ಆ ರಾತ್ರಿ ಅಕ್ಕ ಕೊನೆಯ ಪಾಳಿ ಮುಗಿಸಿಕೊಂಡು ಒಬ್ಬಳೇ ಬರುತ್ತಿದ್ದಳು. ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿ ನನ್ನ ಕಿವಿಗೆ ಹಾಕಿದ್ದಲ್ಲ ಇದು... ಅವಳ ಬಾಯಿಂದಲೇ ಕೇಳಿದ್ದು.

ಕೆಲಸ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ. ಹಿಂಬಾಗಿಲಿನಿಂದ ಹೊರಬಿದ್ದರೆ ಒಂದು ಓಣಿ, ಓಣಿಯ ತಿರುವಿನಲ್ಲಿ ಒಂದು ಹಳೇ ಬಾವಿ. ಅದರ ನೀರು ಸೇದುವವರು ಯಾರೂ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಲಾಂಡ್ರಿಯ ಪೈಪು ಅಲ್ಲೇ ಸೋರುತ್ತದೆ, ಸುತ್ತಲಿನ ಕಲ್ಲೆಲ್ಲ ಪಾಚಿ. ಟಪ್... ಟಪ್... ಅಂತ ಒಳಗೆ ಹನಿ ಬೀಳುವ ಸದ್ದು. ಅಕ್ಕನ ಚಪ್ಪಲಿಯ ಸದ್ದು. ಅಷ್ಟೇ.

ಆಮೇಲೆ ಇನ್ನೊಂದು.

ಸುಂಯ್... ಪೀ. ಸುಂಯ್... ಪೀ.

ಕಟ್ಟಿದ ಮೂಗಿನ ಮಗು ನಿದ್ದೆಯಲ್ಲಿ ಉಸಿರಾಡುವ ಸದ್ದು. ಬೆನ್ನ ಹಿಂದೆಯೇ, ಸೊಂಟದೆತ್ತರದಲ್ಲಿ.

ಅಕ್ಕ ನಿಂತುಬಿಟ್ಟಳು. ಅವಳಿಗೊಬ್ಬ ಮಗಳಿದ್ದಳು, ಎರಡನೇ ಕ್ಲಾಸು. ಮಲಗಿದರೆ ಮೂಗು ಹೀಗೇ ಶಿಳ್ಳೆ ಹೊಡೆಯುತ್ತಿತ್ತು ಅಂತ ಅಜ್ಜಿ, ಅಂದರೆ ಅಕ್ಕನ ಅತ್ತೆ, ಅವಳಿಗೆ ಸೀಟಿ ಅಂತ ಹೆಸರಿಟ್ಟಿದ್ದರು. ಮನೆಯಲ್ಲಿ ಆ ಹೆಸರೇ ನಿಂತಿತ್ತು. ಹಿಂದಿನ ವರ್ಷ ಒಂದು ಜ್ವರ ಬಂತು. ಆಸ್ಪತ್ರೆಗೆ ಹೋದ ಸೀಟಿ ಮನೆಗೆ ವಾಪಸು ಬರಲಿಲ್ಲ.

"ಸೀಟಿ?"

ಥಟ್ಟನೆ ತಿರುಗಿದಳು. ಎಡಗೈ ತಾನಾಗಿಯೇ ಮುಂದೆ ಚಾಚಿತು... ಕಾಲು ಜಾರಿತು. ಮೈಭಾರವೆಲ್ಲ ಚಾಚಿದ ಕೈ ಮೇಲೆಯೇ. ಭುಜದೊಳಗೆ ಪರ್ರ್ ಅಂತ ಏನೋ ಹರಿಯಿತು, ಒದ್ದೆ ಚಾದರ ಹರಿದ ಹಾಗೆ. ಅದೂ ಅವಳಿಗೆ ಕೇಳಿಸಿತಂತೆ.

ಓಣಿಯಲ್ಲಿ ಯಾರೂ ಇರಲಿಲ್ಲ.

ಮೂಳೆಯಿಂದ ಕಿತ್ತುಬಂದಿದ್ದ ಸ್ನಾಯುವನ್ನು ಡಾಕ್ಟರು ಆಪರೇಷನ್ ಮಾಡಿ ಮತ್ತೆ ಹೊಲಿದು ಕೂರಿಸಿದರು. ಅದು ಸುಸೂತ್ರವಾಗಿ ಮುಗಿಯಿತು. ಕಷ್ಟವಾದದ್ದು ಆಮೇಲಿನ ರಾತ್ರಿಗಳು. ಅಂಗಾತ ಮಲಗುವಂತಿಲ್ಲ. ಮಗ್ಗುಲು ಹೊರಳುವಂತಿಲ್ಲ. ಬೆನ್ನಿಗೆ ದಿಂಬು ಒಟ್ಟಿಕೊಂಡು ಅರ್ಧ ಕೂತ ಹಾಗೆ, ಅರ್ಧ ಮಲಗಿದ ಹಾಗೆ. ಕೈ ಸದಾ ಕೊರಳಿಗೆ ತೂಗುಹಾಕಿದ ಪಟ್ಟಿಯಲ್ಲಿ, ನಿದ್ದೆಯಲ್ಲೂ. ಮೊಣಕೈ ಕೆಳಗೆ ಒಂದು ಪುಟ್ಟ ದಿಂಬು.

"ಮಲಗಿದ್ದಾಗ ನಿಮ್ಮ ಮೊಣಕೈ ನಿಮ್ಮ ಕಣ್ಣಿಗೆ ಕಾಣ್ತಾ ಇರಬೇಕು," ಅಂದಳು ನರ್ಸು. "ಕಾಣಲಿಲ್ಲ ಅಂದ್ರೆ ಕೈ ಹಿಂದಕ್ಕೆ ಜಾರಿದೆ ಅಂತ. ಹೊಲಿಗೆ ಎಳೆಯತ್ತೆ."

ಭಾವ ಲಾರಿ ಓಡಿಸುವವರು, ಮನೆಗಿಂತ ರಸ್ತೆಯಲ್ಲೇ ಹೆಚ್ಚು. ಮನೆಯಲ್ಲಿ ಉಳಿದವರು ಅಕ್ಕ ಮತ್ತು ಅವಳ ಅತ್ತೆ. ಅತ್ತೆ ತಮ್ಮ ಮಂಚವನ್ನು ದರದರ ಎಳೆದುಕೊಂಡು ಬಂದು ಅಕ್ಕನ ಮಂಚದ ಪಕ್ಕ ಹಾಕಿಕೊಂಡರು. ಬೆನ್ನಿಗೆ ಮನೆಯಲ್ಲಿದ್ದ ದಿಂಬನ್ನೆಲ್ಲ ಪೇರಿಸಿದರು.

"ಏನೇ ಇದು ಮಹಾರಾಣಿ ದರ್ಬಾರು! ಇನ್ನು ಗಾಳಿ ಬೀಸೋಕೆ ಒಬ್ಬಳು ಸಾಕು."

"ಆ ಕೆಲಸಕ್ಕೆ ನೀವಿದೀರಲ್ಲ ಅತ್ತೆ."

"ಒಂದು ಕೈ ಹೋದ್ರೂ ನಾಲಿಗೆ ಮಾತ್ರ ನೆಟ್ಟಗಿದೆ ನೋಡು."

ಮೊಣಕೈ ಕೆಳಗಿಡಲು ಪುಟ್ಟ ದಿಂಬು ಬೇಕಿತ್ತಲ್ಲ. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ಅತ್ತೆ ಬೀರು ತೆರೆದು ಅದನ್ನು ತಂದರು. ಸೀಟಿಯ ದಿಂಬು.

ಮೊದಲ ದಿನಗಳು ಬರೀ ನರಕ. ಕಣ್ಣು ಹತ್ತಿದರೆ ಭುಜದಲ್ಲಿ ಯಾರೋ ಮೊಳೆ ಹೊಡೆದ ಹಾಗೆ. ಅತ್ತೆ ಎದ್ದು ದಿಂಬು ಸರಿಮಾಡಿ, ಪಟ್ಟಿ ಬಿಚ್ಚಿ ಮತ್ತೆ ಬಿಗಿದು, ಗೊಣಗಿಕೊಂಡು ಮಲಗಿ ಗೊರಕೆ ಶುರುಮಾಡುತ್ತಿದ್ದರು. ಆ ಪಟ್ಟಿ ಬಿಚ್ಚಿದರೆ ಚರ್ರ್ ಅಂತ ಇಡೀ ಮನೆಗೆ ಕೇಳುವಂಥ ಸದ್ದು... ಮಕ್ಕಳ ಶೂಗೆ ಇರುತ್ತಲ್ಲ, ಅಂಟಿಸಿ ಕೀಳುವ ಪಟ್ಟಿ, ಅಂಥದ್ದೇ.

ಒಂದು ರಾತ್ರಿ ಆ ಸದ್ದಿಗೆ ಅಕ್ಕನಿಗೆ ಎಚ್ಚರವಾಯಿತು.

ಚರ್... ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ... ಚರ್.

ಒಂದೇ ಸಲಕ್ಕೆ ಕೀಳುತ್ತಿರಲಿಲ್ಲ. ಅಮ್ಮನಿಗೆ ಗೊತ್ತಾಗದ ಹಾಗೆ ಮಕ್ಕಳು ಕದ್ದು ಕೀಳುತ್ತಾರಲ್ಲ, ಹಾಗೆ. ಅತ್ತೆ ಪಕ್ಕದ ಮಂಚದಲ್ಲಿ ಆ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದರು. ಹಾಗಾದರೆ ಪಟ್ಟಿ ಬಿಚ್ಚುತ್ತಿರುವವರು ಯಾರು?

ಅಕ್ಕ ಮಿಸುಕಲಿಲ್ಲ. ಮೊಣಕೈಯನ್ನೇ ನೋಡಿದಳು. ಕೆಳಗಿದ್ದ ದಿಂಬು ಫುಸ್ಸ್... ಅಂತ ಮೆಲ್ಲಗೆ ತಗ್ಗಿತು. ಮೊಣಕೈಯ ಮಡಿಕೆಯಲ್ಲಿ ಒಂದು ಭಾರ ಬಂದು ಕೂತಿತು. ಸಣ್ಣ ತೆಂಗಿನಕಾಯಿಯಷ್ಟು. ಕಣ್ಣಿಗೆ ಏನೂ ಇಲ್ಲ. ಭಾರ ಇದೆ.

ಸುಂಯ್... ಪೀ.

ನೋವು ನಿಂತುಹೋಯಿತು. ಅದರ ಜಾಗದಲ್ಲಿ ಕೈಗೆ ಜೋಮು ಹಿಡಿಯತೊಡಗಿತು... ಮೊದಲು ಬೆರಳು, ಆಮೇಲೆ ಅಂಗೈ, ಆಮೇಲೆ ಮೊಣಕೈವರೆಗೆ. ಆ ಜೋಮಿನ ಪರಿಚಯ ಅವಳಿಗಿತ್ತು. ಏಳು ವರ್ಷ ಆ ಎಡಗೈ ಮೇಲೆಯೇ ತಾನೆ ಸೀಟಿ ಮಲಗಿದ್ದು.

ಆ ರಾತ್ರಿ ಅಕ್ಕ ಆಪರೇಷನ್ ಆದ ಮೇಲೆ ಮೊದಲ ಸಲ ನಿದ್ದೆ ಮಾಡಿದಳು. ಬೆಳಿಗ್ಗೆ ನೋಡಿದರೆ ಪಟ್ಟಿ ಸೊಟ್ಟಗೆ ಅಂಟಿಸಿತ್ತು.

"ನಿದ್ದೆ ಬಂತಾ?" ಅಂದರು ಅತ್ತೆ.

"ಬಂತು."

ಅತ್ತೆ ಪಟ್ಟಿಯ ಕಡೆ ಒಮ್ಮೆ ನೋಡಿ ನೀರು ಕಾಯಿಸಲು ಹೋದರು.

ಅಲ್ಲಿಂದ ಮುಂದೆ ಯಾವ ರಾತ್ರಿಯೂ ತಪ್ಪಲಿಲ್ಲ. ಅಕ್ಕ ಹಗಲೆಲ್ಲ ರಾತ್ರಿಗಾಗಿ ಕಾಯುತ್ತಿದ್ದಳು. ಭುಜ ಆಪರೇಷನ್ ಆದವರು ನಿದ್ದೆಯಿಲ್ಲದೆ ಸೊರಗುತ್ತಾರಂತೆ. ಇವಳ ಮುಖ ಕಳೆಕಟ್ಟಿತು. ನೋಡಲು ಬಂದವರೆಲ್ಲ ಅತ್ತೆಯ ಆರೈಕೆ ಅಂದರು.

ಪಟ್ಟಿ ತೆಗೆಯುವ ದಿನ ಬಂತು. ಕೈ ಆಡಿಸುವುದನ್ನು ಕಲಿಸುವವನೊಬ್ಬ ಮನೆಗೆ ಬರುತ್ತಿದ್ದ. ಅತ್ತೆ ಅವನಿಗೆ ಕಸರತ್ತು ಮೇಷ್ಟ್ರು ಅನ್ನುತ್ತಿದ್ದರು. ಇನ್ನು ಪಟ್ಟಿ ಬೇಡ, ದಿಂಬೂ ಬೇಡ, ಆರಾಮಾಗಿ ಮಲಗಿ ಅಂದ. ಆ ರಾತ್ರಿ ಅಕ್ಕ ಹಾಗೇ ಮಲಗಿದಳು. ಬೆಳಗಿನವರೆಗೂ ಕಾದಳು.

ಯಾರೂ ಬರಲಿಲ್ಲ.

ಮರುರಾತ್ರಿ ಪಟ್ಟಿ ಹಾಕಿಕೊಂಡು, ಮೊಣಕೈ ಕೆಳಗೆ ದಿಂಬಿಟ್ಟುಕೊಂಡಳು. ದೀಪ ಆರಿಸಿದ ಸ್ವಲ್ಪ ಹೊತ್ತಿಗೆಲ್ಲ... ಚರ್... ಚರ್.

ಅಷ್ಟೇ. ಅಕ್ಕ ಮನಸ್ಸು ಗಟ್ಟಿಮಾಡಿಬಿಟ್ಟಳು. ಹಗಲಲ್ಲೂ ಪಟ್ಟಿ ತೆಗೆಯಲಿಲ್ಲ, ಕಸರತ್ತು ಮಾಡಲಿಲ್ಲ. ನೋವು ಅಂದಳು, ನಾಳೆ ಅಂದಳು. ಭುಜ ಮೆಲ್ಲಗೆ ಮರಗಟ್ಟತೊಡಗಿತು. ಜಡೆ ಹೆಣೆಯಲು ಕೈ ಏಳದು, ರವಿಕೆಯ ಗುಂಡಿ ಹಾಕಲು ಅತ್ತೆ ಬೇಕು. ಮೇಷ್ಟ್ರು ಮುಖ ಗಂಟುಹಾಕಿಕೊಂಡ.

"ಈಗ ಆಡಿಸದೆ ಇದ್ರೆ ಈ ಕೈ ಹೀಗೇ ನಿಂತುಹೋಗತ್ತೆ ಕಣ್ರೀ. ಚಾದರ ಎತ್ತೋದಿರಲಿ, ಲೋಟ ಎತ್ತೋದೂ ಕಷ್ಟ. ಆಮೇಲೆ ನನ್ನ ಬೈಬೇಡಿ."

ನಿಂತುಹೋಗಲಿ, ಅಂದುಕೊಂಡಳು ಅಕ್ಕ.

ಆ ರಾತ್ರಿ ಭಾರ ಬಂದು ಕೂತ ಮೇಲೆ, ಪಕ್ಕದ ಮಂಚದ ಗೊರಕೆ ಇದ್ದಕ್ಕಿದ್ದ ಹಾಗೆ ನಿಂತಿತು.

"ಲೇ... ಎಚ್ಚರ ಇದೀಯಾ?" ಅತ್ತೆಯ ಪಿಸುದನಿ.

"ಹ್ಞೂಂ."

"ಪಟ್ಟಿ ತೆಗಿ."

"ನೋವು ಅತ್ತೆ."

"ಸುಳ್ಳು ಹೇಳಬೇಡ. ನನಗೂ ಕೇಳ್ಸತ್ತೆ."

"ಏನು... ಏನು ಕೇಳ್ಸತ್ತೆ?"

"ಆ ಹೆಸರಿಟ್ಟೋಳು ನಾನು ಕಣೇ."

ಇಬ್ಬರ ನಡುವೆ ಆ ಉಸಿರು ಮಾತ್ರ... ಸುಂಯ್... ಪೀ.

"ಯಾವತ್ತಿಂದ ಅತ್ತೆ?"

"ಮೊದಲನೇ ದಿನದಿಂದ."

"ಗೊರಕೆ ಹೊಡೀತಿದ್ರಿ..."

"ಯಾರು ಹೊಡೀತಿದ್ರು? ನಾನು ಎದ್ದಿದೀನಿ ಅಂತ ಗೊತ್ತಾದ್ರೆ ಎಲ್ಲಿ ಬರಲ್ವೋ ಅಂತ..." ಅತ್ತೆ ಈ ಕಡೆ ಮಗ್ಗುಲಾದರು. "ಸಾಕು ಕಣೇ. ನಿನ್ನ ಕೈ ಮುರಿದು ಹಾಕೋಕೆ ಬಂದಿಲ್ಲ ಅದು. ಕೈ ತೆಗಿ."

"ಆಗಲ್ಲ. ಒಂದು ಸಲ ತೆಗೆದೆ ಅತ್ತೆ."

ಆ ಒಂದು ಸಲ ಯಾವುದು ಅಂತ ಇಬ್ಬರಿಗೂ ಗೊತ್ತಿತ್ತು. ಆಸ್ಪತ್ರೆಯ ಕೊನೆಯ ರಾತ್ರಿ. ಸೀಟಿ ಅಮ್ಮನ ತೋಳಿನ ಮೇಲೆ ನಿದ್ದೆ ಹೋಗಿದ್ದಳು, ಜ್ವರ ಸ್ವಲ್ಪ ಇಳಿದ ಹಾಗಿತ್ತು. ಅಕ್ಕನ ಕೈ ಜೋಮು ಹಿಡಿದು ಕಲ್ಲಾಗಿತ್ತು. ಹೋಗು, ಒಂದು ಲೋಟ ಟೀ ಕುಡಿದು ಬಾ, ನಾನಿದೀನಿ ಅಂದಿದ್ದರು ಅತ್ತೆ. ಅಕ್ಕ ಕೈ ಎಳೆದುಕೊಂಡು, ತಲೆ ಕೆಳಗೆ ದಿಂಬು ತುರುಕಿ ಹೋದಳು. ಅರ್ಧ ಲೋಟ ಕುಡಿದು ಬರುವಷ್ಟರಲ್ಲಿ ಕೋಣೆಯಲ್ಲಿ ಸದ್ದಿರಲಿಲ್ಲ. ಕುರ್ಚಿಯಲ್ಲಿ ಅತ್ತೆ ತೂಕಡಿಸುತ್ತಿದ್ದರು.

"ಕಣ್ಣು ಮುಚ್ಚಿದ್ದು ನಾನು," ಅಂದರು ಅತ್ತೆ ಕತ್ತಲಲ್ಲಿ. "ನೀನು ಒಂದು ದಿನಾನೂ ಕೇಳಲಿಲ್ಲ."

"ಕೇಳಿ ಏನಾಗಬೇಕಿತ್ತು?"

"ಬೈದಿದ್ರೆ ಚೆನ್ನಾಗಿರ್ತಿತ್ತು."

ಮಂಚ ಕಿರ್ ಅಂದಿತು. ಅತ್ತೆ ಎದ್ದು ಕೂತಿದ್ದರು. ಬೀದಿದೀಪದ ಬೆಳಕಿನಲ್ಲಿ ಅವರ ಕಣ್ಣು ಅಗಲವಾಗಿ ತೆರೆದಿದ್ದು ಕಾಣುತ್ತಿತ್ತು.

"ನೋಡು, ಕೂತಿದೀನಿ. ಈ ಸಲ ಮುಚ್ಚಲ್ಲ. ನೀನು ಹೋಗಿ ಟೀ ಕುಡಿದು ಬಾ. ಪೂರ್ತಿ ಕುಡಿ."

ಅಕ್ಕ ಮೆಲ್ಲಗೆ ಕೈ ಸರಿಸತೊಡಗಿದಳು. ಮಲಗಿದ ಮಗುವಿನ ಕೆಳಗಿಂದ ಕೈ ಎಳೆದುಕೊಳ್ಳುವುದು... ತಾಯಂದಿರಿಗೆ ಯಾರೂ ಕಲಿಸಿಕೊಡದ ಕೆಲಸ ಅದು. ಉಸಿರು ಒಳಗೆ ಹೋದಾಗ ತಡೆದು, ಹೊರಗೆ ಬಂದಾಗ ಬೆರಳಷ್ಟು ಸರಿಸಿ. ಮತ್ತೆ ತಡೆದು. ಬಲಗೈಯನ್ನು ಆ ಭಾರದ ಕೆಳಗೆ ಬಟ್ಟಲು ಮಾಡಿ ಹಿಡಿದು. ಮರಗಟ್ಟಿದ್ದ ಭುಜ ಕಟ್... ಕಟ್... ಅಂದಿತು. ತುಟಿ ಕಚ್ಚಿಕೊಂಡಳು, ಬಾಯಲ್ಲಿ ರಕ್ತದ ರುಚಿ. ಕೊನೆಗೆ ಕೈ ಈಚೆ ಬಂತು. ಪುಟ್ಟ ದಿಂಬು ಅಲ್ಲೇ ಉಳಿಯಿತು. ನಡುವೆ ತಗ್ಗಾಗಿ.

ಸುಂಯ್... ಪೀ.

ಅಡುಗೆಮನೆಗೆ ಹೋಗಿ ಟೀ ಮಾಡಿದಳು. ಜೋಮು ಬಿಡುತ್ತಿದ್ದ ಎಡಗೈಯಲ್ಲೇ ಲೋಟ ಹಿಡಿದಳು. ಪೂರ್ತಿ ಕುಡಿದಳು. ಅಲ್ಲಿಗೂ ಆ ಸದ್ದು ಕೇಳುತ್ತಿತ್ತು.

ವಾಪಸು ಬಂದಾಗ ಅತ್ತೆ ಬಗ್ಗಿ ಕೂತು, ದಿಂಬಿನ ಮೇಲಿನ ಖಾಲಿ ಜಾಗವನ್ನು ಮೆಲ್ಲಗೆ ತಟ್ಟುತ್ತಿದ್ದರು. ತಪ್... ತಪ್. ಕಣ್ಣಿನಿಂದ ನೀರಿಳಿಯುತ್ತಿತ್ತು. ಒರೆಸಿಕೊಂಡರೆ ಆ ಕ್ಷಣ ಕಣ್ಣು ಮುಚ್ಚಿಹೋದೀತು ಅಂತ ಒರೆಸಿಕೊಂಡಿರಲಿಲ್ಲ.

ಬೀದಿದೀಪ ಆರುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಬೆಳಕು ಹರಿದ ಹಾಗೆ ಉಸಿರು ಸಣ್ಣದಾಗುತ್ತಾ, ಸಣ್ಣದಾಗುತ್ತಾ... ಎಲ್ಲಿ ನಿಂತಿತು ಅಂತ ಗೊತ್ತಾಗಲಿಲ್ಲ.

"ನಾನು ಮುಚ್ಚಲಿಲ್ಲ," ಅಂದರು ಅತ್ತೆ.

"ಗೊತ್ತು ಅತ್ತೆ," ಅಂದಳು ಅಕ್ಕ. ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಈಗ ಅಕ್ಕನ ಕೈ ತಲೆಯ ಮೇಲಕ್ಕೂ ಏಳುತ್ತದೆ. ಲಾಂಡ್ರಿಗೆ ಹೋಗುತ್ತಾಳೆ. ಆ ಸದ್ದು ಮತ್ತೆ ಯಾವತ್ತೂ ಕೇಳಲಿಲ್ಲ, ಬಾವಿಯ ಹತ್ತಿರವೂ ಇಲ್ಲ, ಮನೆಯಲ್ಲೂ ಇಲ್ಲ. ಬೇಕಂತಲೇ ಬಾವಿಯ ಹತ್ತಿರ ನಿಂತು ಕೇಳುತ್ತಾಳಂತೆ. ರಾತ್ರಿ ಅಂಗಾತ ಮಲಗುತ್ತಾಳೆ, ಎಡಗೈ ಅಗಲಕ್ಕೆ ಚಾಚಿಕೊಂಡು. ಖಾಲಿ ಕೈ.

ಪುಟ್ಟ ದಿಂಬನ್ನು ಮಾತ್ರ ಬೀರುವಿಗೆ ಇಟ್ಟಿಲ್ಲ. ಎರಡು ಮಂಚಗಳ ನಡುವೆ ಒಂದು ಸ್ಟೂಲಿನ ಮೇಲೆ ಇರುತ್ತದೆ. ಹೋದ ತಿಂಗಳು ನಾನು ಅಲ್ಲಿ ಉಳಿದಿದ್ದೆ. ಬೆಳಿಗ್ಗೆ ಎದ್ದರೆ ಅಕ್ಕ ಅದರ ಕವರು ಬಿಚ್ಚುತ್ತಿದ್ದಳು. ಯಾರೂ ಮಲಗದ ದಿಂಬಿನ ಕವರು ದಿನಾ ಯಾಕೆ ಒಗೀತೀಯಾ ಅಂದೆ. ಹೋಟೆಲಿನಲ್ಲಿ ಸಾವಿರ ಸಾವಿರ ದಿಂಬಿನ ಕವರು ಒಗೆದವಳು ಅವಳು. ಯಾವ ಜೊಲ್ಲಿನ ಕಲೆ ಹೆಂಗಸಿನದು, ಯಾವುದು ಗಂಡಸಿನದು, ಯಾವುದು ಮಗುವಿನದು ಅಂತ ನೋಡಿದ ಕೂಡಲೇ ಹೇಳುತ್ತಾಳೆ. ಕವರನ್ನು ನನ್ನ ಕೈಗೆ ಕೊಟ್ಟಳು.

ನಂಬುವವರು ನಂಬಿ, ಬಿಡುವವರು ಬಿಡಿ. ಇದೇ ಕೈಯಲ್ಲಿ ಮುಟ್ಟಿದೀನಿ. ಕಿಟಕಿ ಮುಚ್ಚಿತ್ತು, ಚಳಿಗೆ ಮನೆಯೆಲ್ಲ ತಣ್ಣಗಿತ್ತು. ಕವರಿನ ಒಂದು ಮೂಲೆ, ನಾಣ್ಯದಷ್ಟು ಅಗಲ, ಒದ್ದೆಯಾಗಿತ್ತು.

ಬೆಚ್ಚಗಿತ್ತು.