ವಜೀಹ್‌ಗೆ ಮಷೀನು ಕಲಿಸಿದ್ದು

ಅಷ್ಟು ನೀರು ಬೇಡ ವಜೀಹ್. ಜಾಲರಿ ಮುಳುಗಿದ್ರೆ ಸಾಕು. ಜಾಸ್ತಿ ಆದ್ರೆ ಮಷೀನು ನಡುಗೋವಾಗ ಚೆಲ್ಲುತ್ತೆ, ಆಮೇಲೆ ಮೇಜು ಒರೆಸೋಳು ನಾನೇ… ಸಾಕು ಅಂದೆ. ಸಾಕು. ಬಲಗೈ ಸುಮ್ಮನಾದಾಗಿಂದ ನಿನ್ನ ಎಡಗೈಗೆ ಎಷ್ಟು ಹಟ ಬಂದಿದೆ ನೋಡು.

ಈಗ ಸೋಪು. ಪಾತ್ರೆ ತೊಳೆಯೋದೇ, ಒಂದೆರಡು ಹನಿ. ಹಾಂ. ಕರೆಂಟ್ ಇರೋವಾಗಲೇ ಮುಗಿಸಿಬಿಡೋಣ. ಬೀದಿ ಜನರೇಟರಿನವನು ಯಾವ ಗಳಿಗೆಯಲ್ಲಿ ಆರಿಸ್ತಾನೋ, ಅವನಿಗೇ ಗೊತ್ತಿರಲ್ಲ.

ಮೊದಲು ಇದನ್ನ ಬಿಚ್ಚು. ಟ್ಯಾಕ್ಸಿ ಹೈಸಮ್‌ದು. ಮೂಸಿ ನೋಡು, ಮಾವಿನಹಣ್ಣಿನ ರುಚಿಯಂತೆ. ಮಾವಿನಹಣ್ಣನ್ನ ಜೇಬಲ್ಲಿಟ್ಕೊಂಡು ಮರೆತ ಹಾಗಿದೆ. ವೇಪು ಅನ್ನೋ ಈ ಕರೆಂಟ್ ಸಿಗರೇಟಿನ ಬ್ಯಾಟರಿ ಭಾಗ ಅವನ ಹತ್ರಾನೇ ಇದೆ, ಅದಕ್ಕೆ ನೀರು ತಾಗಬಾರದು. ನಮಗೆ ಈ ಅಟೊಮೈಜರ್ ಒಂದೇ, ಹೊಗೆ ಹುಟ್ಟೋ ತಲೆ. ಹಲಗೆಯ ತೂತಿಗೆ ಸಿಕ್ಕಿಸು. ಅದು ಹಿಡ್ಕೊಳ್ಳುತ್ತೆ, ನೀನು ಬರೀ ತಿರುಗಿಸು… ಆ ಕಡೆಗಲ್ಲ. ಹಾಂ, ಬಂತು. ಒಳಗಿನ ಹತ್ತಿ ಚಿಮುಟದಲ್ಲಿ ಎಳೆದು ಬಿಸಾಕು, ಸುಟ್ಟು ಕರಕಲಾಗಿದೆ. ಗಾಜು ಬೇರೆ ಇಡು. ರಬ್ಬರ್ ಬಳೆ ಈ ಬಟ್ಟಲಿಗೆ. ಅದೊಂದು ಕಳೆದ್ರೂ ಸೋರುತ್ತೆ, ಸೋರಿದ್ರೆ ಹೈಸಮ್ ಕೆಳಗೆ ನಿಂತು ಇಡೀ ಮೀನಾ ಬಂದರಿಗೆ ಕೇಳೋ ಹಾಗೆ ಕಿರುಚ್ತಾನೆ.

ಯಾಕೆ ನಗ್ತೀಯ? ಆವತ್ತಿನದು ನೆನಪಾಯ್ತಾ? ನಗು, ನಗು. ಒಂದು ಸಲ ಅವನ ವೇಪಿನ ಪ್ಲಾಸ್ಟಿಕ್ ಬಾಯಿತುದಿಯನ್ನ ಕುದಿಯೋ ನೀರಿಗೆ ಹಾಕಿದ್ದೆ, ಹಾಲಿನ ಹಾಗೆ ಬೆಳ್ಳಗಾಗಿ ಬಿರುಕು ಬಿಟ್ಟಿತ್ತು. ಹಗ್ಗದ ಬುಟ್ಟಿಯಲ್ಲಿ ಕೆಳಗೆ ಇಳಿಸಿಕೊಟ್ಟು ಬಾಲ್ಕನಿಯಿಂದ ಹಿಂದಕ್ಕೆ ಸರಿದು ನಿಂತೆ. "ಇಂತಿಸಾರ್ ಅಕ್ಕ, ಇದನ್ನ ಬೇಯಿಸಿದ್ರಾ?" ಅಂತ ಕೂಗಿದ. ಲಕ್ವ ಹೊಡೆದು ಮಾತು ನಿಂತ ಮೇಲೆ ನೀನು ಮೊದಲ ಸಲ ನಕ್ಕಿದ್ದು ಆವತ್ತೇ. ಅರ್ಧ ಬಾಯಲ್ಲಿ. ನಾನು ಅಡುಗೆಮನೆಗೆ ಹೋಗಿ… ಈರುಳ್ಳಿ ಹೆಚ್ಚಿದೆ.

ಅದಕ್ಕೂ ಮುಂಚೆ ಎಷ್ಟು ದಿನ ಗೋಡೆ ಕಡೆ ಮುಖ ಮಾಡ್ಕೊಂಡಿದ್ದೆ ನೀನು. ಗಡಿಯಾರದ ಚಕ್ರ ತೊಳೆಯೋ ಮಷೀನಿನಲ್ಲಿ ಹೊಗೆ ಕುಡಿಯೋರ ಎಂಜಲು ತೊಳೀತಾಳೆ ಅಂತ. ಅಂಗಡಿ ಇದ್ದಾಗ ಅಂಥವರು ಬಂದ್ರೆ ಮುಖದ ಮೇಲೆ ಹೇಳಿ ಕಳಿಸ್ತಿದ್ದವನು. ನನಗೇನು ಇಷ್ಟ ಇತ್ತಾ? ಅಂಗಡಿ ಬಾಗಿಲು ಎಳೆದು, ರಿಪೇರಿಗೆ ಬಂದ ಗಡಿಯಾರಗಳನ್ನ ಅವರವರಿಗೆ ಕೊಟ್ಟು, ಇದೊಂದನ್ನ ಮೇಲೆ ತಂದಿಟ್ಟೆ. ಇದರಲ್ಲಿ ವೇಪು ತೊಳೆದುಕೊಡ್ತೀರಾ, ದುಡ್ಡು ಕೊಡ್ತೀನಿ ಅಂತ ಹೈಸಮ್ ಕೇಳಿದ. ಇಲ್ಲ ಅನ್ನೋಕೆ ನನ್ನ ಹತ್ರ ಬೇರೆ ಏನಿತ್ತು?

ಅಂಗಡಿಯ ಆ ಕೊನೆಯ ದಿನ ಇನ್ನೂ ಕಣ್ಣ ಮುಂದೆ ಇದೆ. ನಾನು ಮುಲೂಖಿಯಾ ಸೊಪ್ಪಿನ ಸಾರು, ಅನ್ನ ತಂದಿದ್ದೆ. ನೀನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಯಾವುದೋ ಗಡಿಯಾರದ ಮೇಲೆ ಬಗ್ಗಿದ್ದೆ. ಆರುತ್ತೆ, ಊಟ ಮಾಡು ಅಂದೆ. ಮಾತಿಲ್ಲ. ನಿನಗೆ ನನಗಿಂತ ಅದೇ ಹೆಚ್ಚು ಅಂತ ಬೈದೆ. ಆಗಲೂ ಮಾತಿಲ್ಲ. ಆಮೇಲೆ ಭೂತಗನ್ನಡಿ ಜಾರಿ ಬಿತ್ತು, ನೀನು ಎತ್ತಿಕೊಳ್ಳಲಿಲ್ಲ…

ಆಸ್ಪತ್ರೆಯಿಂದ ತಂದಾಗ ಲಿಫ್ಟ್ ಕೆಟ್ಟಿತ್ತು. ಇವತ್ತಿಗೂ ಕೆಟ್ಟೇ ಇದೆ. ಬೀದಿಯವರು ಕುರ್ಚಿ ಸಮೇತ ಐದು ಮಹಡಿ ಹೊತ್ತು ತಂದ್ರು. ಹತ್ತಿಸೋಕೆ ಎಲ್ಲರೂ ಬಂದ್ರು ವಜೀಹ್. ಇಳಿಸೋಕೆ ಯಾರೂ ಬರಲಿಲ್ಲ.

ಆಯ್ತು, ಆ ಮಾತು ಬೇಡ. ಕಣ್ಣು ಮುಚ್ಕೋಬೇಡ, ಬೇಡ ಅಂದೆನಲ್ಲ. ಲೋಹದ್ದೆಲ್ಲ ಜಾಲರಿಗೆ ಹಾಕು. ತೊಟ್ಟಿಯ ತಳಕ್ಕೆ ತಾಗಬಾರದು. ಮುಚ್ಚಳ. ಈಗ ಗುಂಡಿ ಒತ್ತು.

ಹಾಂ… ಕೇಳ್ತಿದೆಯಾ? ಜೇನುಗೂಡು ಇದ್ದ ಹಾಗೆ. ಮುಚ್ಚಳದ ಕಿಂಡಿಯಿಂದ ನೋಡು, ಕರಿ ಹೇಗೆ ಬಿಡ್ತಾ ಇದೆ. ಒಂದು ದಾರ, ಆಮೇಲೆ ಇನ್ನೊಂದು, ಆಮೇಲೆ ನೀರೆಲ್ಲ ಚಹಾ. ಕೈ ಹಾಕಿ ತಿಕ್ಕಿದ್ರೆ ಬರದ ಕೊಳೆ ಬರೀ ನಡುಕಕ್ಕೆ ಬಿಟ್ಟು ಹೋಗುತ್ತೆ. ನಿಂತ ಮೇಲೆ ಹೊಸ ನೀರಲ್ಲಿ ಜಾಲಿಸು, ಬಟ್ಟೆ ಮೇಲೆ ಹರಡು, ಪೂರ್ತಿ ಒಣಗಬೇಕು. ಒಣಗೋ ಮುಂಚೆ ಹತ್ತಿ ತುಂಬಬೇಡ. ಆಮೇಲೆ ಪೊಟ್ಟಣ ಕಟ್ಟಿ ಬುಟ್ಟಿಗೆ ಹಾಕಿ ಇಳಿಸು… ಅಂದ್ರೆ, ನಿಮ್ಮಕ್ಕ ಬದ್ರಿಯಾ ಇಳಿಸ್ತಾರೆ. ನೀನು ಬಾಲ್ಕನಿಗೆ ಹೋಗಬೇಡ.

ಆ ಬುಟ್ಟಿ ಪುಣ್ಯ ಮಾಡಿದೆ. ದಿನಾ ಇಳಿದು ಹತ್ತಿ ಮಾಡ್ತಿರುತ್ತೆ. ಬೀದಿ ನೋಡುತ್ತೆ, ಮೀನಿನವನ ಗಾಡಿ ನೋಡುತ್ತೆ. ಒಮ್ಮೊಮ್ಮೆ ಹಗ್ಗ ಬಿಡೋವಾಗ ಅನ್ಸುತ್ತೆ, ಇದರೊಳಗೆ ನಾನೇ ಕೂತ್ರೆ ಹೇಗೆ ಅಂತ. ನಾನು ಇಳಿಯೋದು ಅಂದ್ರೆ ಬ್ರೆಡ್ಡು, ಔಷಧಿ, ಅಷ್ಟೇ. ಅದೂ ಓಡ್ತಾ ಹೋಗಿ ಓಡ್ತಾ ಬರೋದು, ನೀನು ಕುರ್ಚಿಯಿಂದ ಜಾರಿರ್ತೀಯೇನೋ ಅಂತ. ಮೆಟ್ಟಿಲು ಹತ್ತೋವಾಗ ಒಂದೊಂದು ತಿರುವಿನಲ್ಲೂ ಮನಸ್ಸು ನಿನ್ನನ್ನ ಒಂದೊಂದು ಥರ ಬೀಳಿಸುತ್ತೆ. ಬಾಗಿಲು ತೆಗೆದ್ರೆ ನೀನು ಕೂತಲ್ಲೇ ಕೂತಿರ್ತೀಯ. ಆಗ ಸಂತೋಷ ಆಗಬೇಕಲ್ವಾ? ಆಗುತ್ತೆ. ಆಗ್ತಿತ್ತು…

ಏನಿಲ್ಲ. ನಿದ್ದೆ ಸಾಲ್ತಿಲ್ಲ, ಏನೇನೋ ಬಾಯಿಗೆ ಬರುತ್ತೆ.

ಬದ್ರಿಯಾಗೆ ಎಲ್ಲ ಹೇಳಿದ್ದೀನಿ. ನಿಮ್ಮಕ್ಕ ಅಲ್ವಾ, ಹೊರಗಿನವರೇನಲ್ಲ. ಉಪ್ಪು ಸ್ವಲ್ಪ ಜಾಸ್ತಿ ಹಾಕ್ತಾರೆ, ನಿನಗೆ ಕಡಿಮೆ ಬೇಕು ಅಂತ ಒತ್ತಿ ಹೇಳಿದ್ದೀನಿ. ಮಾತ್ರೆ ಬೆಳಗಿನದು ಬಿಳಿ ಡಬ್ಬಿ, ಸಂಜೆಯದು ನೀಲಿ. ಹೈಸಮ್‌ಗೂ ಹೇಳಿದ್ದೀನಿ, ಇನ್ನು ಮೇಲೆ ತೊಳೆಯೋನು ವಜೀಹ್, ತಡ ಆದ್ರೆ ಕಿರುಚಬೇಡ ಅಂತ. ಸಂತೋಷಪಟ್ಟ. ಯಜಮಾನರು ಕೆಲಸ ಶುರು ಮಾಡಿದ್ರು ಅಂತ ಬಂದರಿನವರಿಗೆಲ್ಲ ಸಾರಿದ್ದಾನೆ. ಹೋದ ವಾರ ಬುಟ್ಟಿ ತುಂಬಿ ಬಂತಲ್ಲ, ಅದಕ್ಕೇ.

ನನ್ನದೇನು, ನಹ್ಲಾ ಮಂಡಿ ಆಪರೇಷನ್ ಮುಗಿದು ಅವಳು ಎದ್ದು ಓಡಾಡಿದ್ರೆ ಸಾಕು. ತಂಗಿ ಅಂತ ಇರೋಳು ಅವಳೊಬ್ಬಳೇ, ಸಮುದ್ರದಾಚೆ ಮೆರ್ಸಿನ್‌ನಲ್ಲಿ ಅವಳಿಗೆ ಇನ್ಯಾರಿದ್ದಾರೆ? ಹೊಲಿಗೆ ಅಂಗಡಿ ಬೇರೆ. ಹಡಗು ಸಂಜೆಗೆ ಹೊರಡುತ್ತೆ. ಬಂದರಿಗೆ ಹೈಸಮ್ ಬಿಡ್ತಾನೆ. ದಪ್ಪ ಕಂಬಳಿ ಬೀರುವಿನ ಕೆಳಗಿನ ಖಾನೆಯಲ್ಲಿದೆ, ಚಳಿ ಶುರುವಾದ ಮೇಲೆ ಬದ್ರಿಯಾಗೆ ತೋರಿಸು… ಚಳಿಗೆ ಇನ್ನೂ ದೂರ ಇದೆ, ಹೌದು. ಸುಮ್ಮನೆ ಹೇಳಿದೆ. ನೆನಪಾದಾಗ ಹೇಳಿಬಿಡಬೇಕು.

ಮೆಟ್ಟಿಲ ಮೇಲೆ ಬದ್ರಿಯಾನೇ ಇರಬೇಕು. ಕೆಮ್ಮು ಕೇಳ್ತಿದೆ. ಮೂರನೇ ಮಹಡಿಯಲ್ಲಿ ಕೂತು ಸುಧಾರಿಸ್ಕೊಂಡು ಬರ್ತಾರೆ.

ಮಷೀನು ನಿಂತಿತು. ನೀನೇ ತೆಗೀತೀಯಾ? ತೆಗಿ. ಜಾಲಿಸು… ಚೆನ್ನಾಗಿದೆ. ಹೊಸದರ ಹಾಗಿದೆ. ನನಗಿಂತ ಚೆನ್ನಾಗಿ ಮಾಡಿದೆ, ಸುಳ್ಳಲ್ಲ.

ಹೇಳು, ಬೇರೆ ಏನಾದ್ರೂ ಕೇಳೋದಿದೆಯಾ?

ಏನೂ ಇಲ್ವಾ?

ಅಲ್ಲ ವಜೀಹ್… ಬ್ರೆಡ್ಡು ತರೋಕೆ ಹೊರಟ್ರೆ ಬಾಗಿಲಿಗೆ ಹೋಗೋ ಮೊದಲೇ ಕೈ ಎತ್ತಿ ಕೇಳ್ತೀಯ, ಯಾವಾಗ ಬರ್ತೀಯ ಅಂತ. ಪಕ್ಕದ ಮನೆಗೆ ಹೋದ್ರೂ ಕೇಳ್ತೀಯ. ಸ್ನಾನಕ್ಕೆ ಹೋದ್ರೂ. ನನಗೆ ಸಾಕಾಗಿ ಹೋಗಿತ್ತು ಆ ಕೈ ನೋಡಿ. ಸಮುದ್ರ ದಾಟಿ ಹೋಗ್ತೀನಿ ಅಂತ ಹೇಳಿ ಇಷ್ಟು ದಿನ ಆಯ್ತು. ಒಂದು ಸಲಾನೂ ನೀನು ಕೇಳಿಲ್ಲ.

ಯಾಕೆ ಕೇಳಿಲ್ಲ?

ಇಲ್ಲಿ ನೋಡು. ಆ ಅಟೊಮೈಜರ್ ಬಿಡು, ಅದು ಒಣಗುತ್ತೆ. ನನ್ನ ನೋಡು.

ಗೊತ್ತಿತ್ತಾ?

ಯಾವಾಗಿಂದ? ಬಡಗಿ ಹತ್ರ ಈ ತೂತಿನ ಹಲಗೆ ಮಾಡಿಸಿದಾಗಿಂದಲೇನು? ವ್ಯಾಯಾಮ ಮಾಡಿಸೋಕೆ ಬರೋ ಆ ನರ್ಸ್ ರಬ್ಬರ್ ಚೆಂಡು ಕೊಟ್ರೆ ಬೇಕಂತಲೇ ಉರುಳಿಸಿಬಿಡ್ತಿದ್ದೆ. ಅವಳು ಬೇಡ್ಕೊಂಡ್ರೂ ಬೆರಳು ಮಡಚ್ತಿರಲಿಲ್ಲ. ನಾನು ಹಲಗೆ ಮುಂದಿಟ್ಟೆ, ನೀನು ಕೈ ಚಾಚಿದೆ. ಎಂಜಲು ಅಂದವನು. ಬೆರಳು ಬಾತುಕೊಳ್ಳೋವರೆಗೂ ತಿರುಗಿಸಿದೆ. ಬೇಸರ ಕಳೆಯೋಕೆ ಒಂದು ದಾರಿ ಸಿಕ್ಕಿತು ಅಂತ ಕಲೀತಿದ್ದೀಯ ಅಂದ್ಕೊಂಡೆ ನಾನು. ನೀನು… ನಾನು ಹೋಗೋಕೆ ಅಂತ ಕಲಿತೆ.

ನಹ್ಲಾ ಮಂಡಿ ಚೆನ್ನಾಗೇ ಇದೆ. ಆಪರೇಷನ್ ಇಲ್ಲ. ಇನ್ನೊಂದು ಹೊಲಿಗೆ ಮಷೀನು ಖಾಲಿ ಇದೆ, ಬಾ ಅಂದ್ಲು. ಹಡಗಿನ ಆಫೀಸಿನವನು ಟಿಕೆಟ್ ಹೋಗಿ ಬರೋದಕ್ಕಾ, ಬರೀ ಹೋಗೋದಕ್ಕಾ ಅಂತ ಕೇಳಿದ. ಹೋಗಿ ಬರೋದಕ್ಕೆ ಅನ್ನಬೇಕು ಅಂತಾನೇ ಬಾಯಿ ತೆಗೆದೆ ವಜೀಹ್. ನಿಜವಾಗಲೂ ಅದಕ್ಕೇ ತೆಗೆದೆ. ಹಿಂದೆ ಜನ ನಿಂತಿದ್ರು. ಅವನು ಇನ್ನೊಂದು ಸಲ ಕೇಳಿದ. ನನಗೆ ಈ ಮೆಟ್ಟಿಲು ಕಣ್ಣ ಮುಂದೆ ಬಂತು… ಬರೀ ಹೋಗೋದಕ್ಕೆ ಅಂದೆ.

ನಿನ್ನ ಮೇಲೆ ಕೋಪ ಇಲ್ಲ. ಕೋಪ ಇದ್ದಿದ್ರೆ ಯಾವತ್ತೋ ಹೋಗ್ತಿದ್ದೆ.

ಕೇಳು. ಈಗಲಾದ್ರೂ ಕೇಳು. ಕೈ ಎತ್ತು, ಯಾವಾಗ ಬರ್ತೀಯ ಅನ್ನು. ಒಂದೇ ಒಂದು ಸಲ.

ಮಂಡಿ ಮೇಲೆ ಒತ್ತಿ ಹಿಡ್ಕೊಂಡಿದ್ದೀಯ ಆ ಕೈನ. ನೋಡ್ತಿದ್ದೀನಿ ನಾನು. ಎತ್ತಿದ್ರೆ ನಾನು ಇಲ್ಲೇ ಕೂತುಬಿಡ್ತೀನಿ ಅಂತ ನಿನಗೆ ಗೊತ್ತು.

ಬಾಗಿಲು ಬಡೀತಿದ್ದಾರೆ.

ವಜೀಹ್…

ಬಂದೆ ಬದ್ರಿಯಾ. ಬಂದೆ. ಬಾಗಿಲ ಹಿಂದೆ ನನ್ನ ಪೆಟ್ಟಿಗೆ ಇದೆ, ಮೆಲ್ಲಗೆ ತಳ್ಳಿ.